ಒಂಬತ್ತನೇ ಷರತ್ತು

ಮೈಲಾರಲಿಂಗಪ್ಪನ ಮಂಡಕ್ಕಿ ಒಗ್ಗಾಣಿಯ ಘಾಟಿಗೆ ಬಳ್ಳಾರಿಯ ಗುಡ್ಡವೇ ಒಮ್ಮೆ ಸೀನಿತಂತೆ. ಸೀನಿದ ರಭಸಕ್ಕೆ ಎರಡು ಬಂಡೆ ಉರುಳಿ, ಮೂರು ದಿನ ಬಸ್ಸು ನಿಂತವಂತೆ. ಕಣ್ಣಾರೆ ಕಂಡವನು ಒಬ್ಬನೇ, ಮೈಲಾರಲಿಂಗಪ್ಪ.

ಈಗ ಅವನು ವಕೀಲೆ ವಿಭಾಳ ಮೇಜು ಗುದ್ದುತ್ತಿದ್ದ. ಎದುರಿಗೆ ಗಂಗೋತ್ರಿ. ಅವನ ಹೆಸರಿನ ಒಗ್ಗಾಣಿ-ಮಿರ್ಚಿ ಅಂಗಡಿಯನ್ನು ಕರಾರಿನ ಮೇಲೆ ಸಿರುಗುಪ್ಪದಲ್ಲಿ ನಡೆಸುವವಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ಒಂಬತ್ತನೇ ಷರತ್ತು ಓದ್ರಿ ಮೇಡಮ್ಮಾರ! ನಾ ಕೊಡೋ ಒಗ್ಗಾಣಿ ಪುಡಿ ಗುಟ್ಟು ಹೊರಗ ಬಿದ್ರ ಅಂಗಡಿ ವಾಪಸ್. ಕುರುಗೋಡಿನಾಗ ಎರ್ರೆಪ್ಪ ಬಂಡಿ ಇಟ್ಟಾನ. ಅದೇ ಪುಡಿ, ಅದೇ ರುಚಿ. ಯಾರವ? ಈಕಿ ಅತ್ತಿ ತಮ್ಮ!"

ಗಂಗೋತ್ರಿ ಸೆರಗು ಬಿಟ್ಟು ನೆಟ್ಟಗೆ ಕೂತಳು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು ಬೆನ್ನು ಕಳೆದುಕೊಂಡ ಗಂಡ ಮನೆಯಲ್ಲಿ ಮಲಗಿದ್ದಾನೆ. ಅಂಗಡಿ ಹೋದರೆ ಅನ್ನವೇ ಹೋದಂತೆ.

"ಅತ್ತಿ ಜೋಡಿ ನಾ ಮಾತಾಡಿ ಮೂರು ವರ್ಷ ಆತ್ರಿ. ಮದುವಿಯಾದ ತಿಂಗಳಿಗೇ ಒಲಿ ಬ್ಯಾರೆ ಆದುವು. ಒಂದೇ ಮನಿ, ನಡುವ ಗ್ವಾಡಿ. ಆಕಿ ಕೈಯಾನ ನೀರು ಸೈತ ನಾ ಮುಟ್ಟಂಗಿಲ್ಲ. ಆಕಿ ತಮ್ಮಗ ಪುಡಿ ಕೊಡ್ತೀನೇನ್ರಿ?"

"ಮತ್ತ ಪುಡಿಗೆ ಕಾಲು ಬಂದುವೇನವ್ವಾ?"

ವಿಭಾ ಕನ್ನಡಕ ಏರಿಸಿದಳು. "ಗುಟ್ಟು ಅಂತ ಬರದ ಮಾತ್ರಕ್ಕ ಗುಟ್ಟಾಗಂಗಿಲ್ರಿ. ಅದು ಮಂದಿಗೆ ಗೊತ್ತಿರಬಾರದು. ಗೊತ್ತಿಲ್ಲದ್ದಕ್ಕೇ ನಿಮಗ ಲಾಭ ಇರಬೇಕು. ನೀವು ಅದನ್ನ ಜೋಪಾನ ಮಾಡಿರಬೇಕು. ಪುಡಿ ಕುಟ್ಟೋರು ಯಾರು?"

"ನಾನೇ! ನಲವತ್ತೊಂದು ಸಾಮಾನು. ಕುಟ್ಟೋ ಖೋಲಿ ಬಾಗಿಲಿಗೆ ಏಳು ಕೀಲಿ. ಇರುವಿ ಸೈತ ಒಳಗ ಬರಬೇಕಂದ್ರ ನನ್ನ ಕೇಳತೈತಿ."

"ಛಲೋ ಆತು. ನಲವತ್ತೊಂದೂ ಬರೀರಿ, ಅಳತಿ ಸಮೇತ. ಲಕೋಟಿಗೆ ಅರಗು ಹಾಕಿ ಇಡೋಣ. ಕೋರ್ಟು ಕೇಳತೈತಿ."

ಮೈಲಾರಲಿಂಗಪ್ಪ ಪೆನ್ನು ಹಿಡಿದ. ಒಣಮೆಣಸಿನಕಾಯಿ ಎಂದು ಬರೆದ. ಬೆಳ್ಳುಳ್ಳಿ. ಉಪ್ಪು. ಫ್ಯಾನು ತಿರುಗುತ್ತಲೇ ಇತ್ತು, ಅವನ ಹಣೆ ಒದ್ದೆಯಾಯಿತು. ಬಹಳ ಹೊತ್ತು ಯೋಚಿಸಿ ಮತ್ತೊಂದು ಬರೆದ.

"ಸಾವಕಾರ್ರ, ಉಪ್ಪು ಎರಡು ಸಲ ಆತು," ಅಂದಳು ಗಂಗೋತ್ರಿ.

ಅವನು ಪೆನ್ನು ಕೆಳಗಿಟ್ಟ. ದನಿ ಮೊದಲ ಸಲ ಇಳಿಯಿತು.

"ನನಗ ಗೊತ್ತಿಲ್ರಿ. ಕೀಲಿನೂ ಇಲ್ಲ, ಖೋಲಿನೂ ಇಲ್ಲ. ಪುಡಿ ಹೊರಗಿಂದ ಬರತೈತಿ. ಪೊಟ್ಟಣ ಕಟ್ಟಿ ಹೆಸರು ಅಂಟಿಸೋದಷ್ಟ ನಂದು."

"ಮತ್ತ ನನ್ನ ಅಂಗಡಿ ಯಾಕ ಕಸೀತೀರಿ?"

"ಕಸಿಯಂಗಿಲ್ಲವ್ವಾ. ಕಸಿದ್ರ ಮರುದಿನ ನನಗ ಪುಡಿನೇ ಇಲ್ಲ. ನಿನ್ನ ಹೆದರಿಸಿದ್ರ ಪುಡಿ ಕುಟ್ಟೋಕಿ ಮಣಿದು, ಎರ್ರೆಪ್ಪಗ ಕೊಡೋದು ಬಿಡ್ತಾಳ ಅಂದ್ಕೊಂಡೆ."

ಗಂಗೋತ್ರಿ ಎದ್ದು ನಿಂತಳು. "ನಾ ಹೆದರಿದ್ರ ಆಕಿಗೇನ್ರಿ? ಯಾರಾಕಿ?"

"ನಿಮ್ಮತ್ತಿ ವಿರೂಪಮ್ಮ. 'ಸಿರುಗುಪ್ಪದ ಅಂಗಡಿ ನನ್ನ ಸೊಸಿಗೆ ಕೊಟ್ರಷ್ಟ ಪುಡಿ ಕೊಡ್ತೀನಿ. ನಾ ಕುಟ್ಟಿದ್ದು ಅಂತ ತಿಳಿದ್ರ ಆಕಿ ಮುಟ್ಟಂಗಿಲ್ಲ, ಹೇಳಬ್ಯಾಡ' ಅಂತ ಆಣಿ ಹಾಕಿಸ್ಕೊಂಡಾಳವ್ವಾ."