ತಂಗಿ ಕೇಳಿದ ನೀರು

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಈಗ ಸಾಗರದ ಹೈಸ್ಕೂಲಿನಲ್ಲಿ ಜೀವಕೋಶದ ಪಾಠಕ್ಕೆ ಉಪ್ಪಿನಲ್ಲಿಟ್ಟ ಮಾವಿನ ಮಿಡಿ ತೋರಿಸುವಾಗ, ಆ ವಾಸನೆಗೆ ನಾನು ಚಿಕ್ಕವಳಿದ್ದಾಗಿನ ಹೊಸನಗರದ ಒಂದು ಮಧ್ಯಾಹ್ನ ಎದುರಿಗೆ ಬಂದು ನಿಲ್ಲುತ್ತದೆ.

ಅಂದು ಅಜ್ಜಿ ಭರಣಿಯ ಮಿಡಿ ಮಗುಚುತ್ತಿದ್ದಳು. ಗಟ್ಟಿಯಿದ್ದ ಮಿಡಿಗಳು ಸುಕ್ಕಾಗಿ, ತಾವೇ ಬಿಟ್ಟ ನೀರಿನಲ್ಲಿ ಮುಳುಗಿದ್ದವು. "ನಾ ನೀರು ಹಾಕೇ ಇಲ್ಲ ನೋಡು. ಎಲ್ಲಾ ಉಪ್ಪು ಎಳಕಂಡಿದ್ದು" ಎಂದಳು.

ಪಕ್ಕದ ಚಾಪೆಯಲ್ಲಿ ನಾಲ್ಕು ವರ್ಷದ ತಂಗಿ ಮಲಗಿದ್ದಳು. ಎರಡು ದಿನದಿಂದ ಭೇದಿ. ಕಣ್ಣುಗಳು ಒಳಗೆ ಹೋಗಿದ್ದವು. ಅವಳ ಹೊಟ್ಟೆಯ ಚರ್ಮ ಚಿವುಟಿದರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಆಟವೆಂದು ನಾನು ಮತ್ತೆ ಮತ್ತೆ ಚಿವುಟಿದೆ.

"ಅಕ್ಕಾ, ನೀರು" ಎಂದಳು.

"ಕೊಡಬ್ಯಾಡ ಕಣೇ. ಕುಡದಷ್ಟೂ ಹೋಗ್ತದೆ. ಹೊಟ್ಟೆ ಒಣಗಿದ್ರೆ ತಾನೇ ನಿಲ್ತದೆ" ಎಂದು ಅಜ್ಜಿ ನನ್ನನ್ನು ಕೊಡಪಾನದ ಕಾವಲಿಗೆ ಕೂರಿಸಿದಳು.

ತಂಗಿ ತೆವಳಿಕೊಂಡು ಬಂದು ನನ್ನ ಲಂಗ ಹಿಡಿದಳು. ನಾನು ಅವಳ ಬೆರಳು ಒಂದೊಂದಾಗಿ ಬಿಡಿಸಿ, ಕೊಡಪಾನವನ್ನು ಎತ್ತರದ ಕಟ್ಟೆಗೆ ಏರಿಸಿದೆ.

ಸಂಜೆ ಅವ್ವ ಕೂಲಿಯಿಂದ ಬಂದಾಗ ತಂಗಿಯ ಮೈ ತಣ್ಣಗಾಗಿತ್ತು. ಅವಳನ್ನು ಮಡಿಲಿಗೆ ಎಳೆದುಕೊಂಡು ಅವ್ವ ಕೇಳಿದಳು: "ನೀರು ಕೇಳಿದ್ಲಾ?"

"ಎಷ್ಟು ಕೇಳಿದ್ರೂ ನಾ ಕೊಡ್ಲಿಲ್ಲ ಅವ್ವಾ" ಎಂದೆ, ಜಾಣೆ ಅಂತಾಳೆ ಎಂದುಕೊಂಡು.