ಮುನ್ನೂರ ಹದಿನೆಂಟನೆಯ ನಿಲ್ದಾಣ

ಮೈಸೂರಿನಲ್ಲಿ ಮೆಟ್ರೊ ನಿಲ್ದಾಣವನ್ನು ಬಿಚ್ಚಿ ದುರಸ್ತಿಗೆ ಒಯ್ದರೆ, ಅದು ಹಳೆಯ ಜಾಗಕ್ಕೇ ಮರಳಬೇಕೆಂದಿಲ್ಲ. ಅಂಥದ್ದೇ ಇನ್ನೊಂದನ್ನು ಅಂದೇ ತಂದು ಅಲ್ಲಿ ಕೂರಿಸುತ್ತಾರೆ. ಒಂಟಿಕೊಪ್ಪಲಿನಲ್ಲಿದ್ದ ಮುನ್ನೂರ ಹದಿನೆಂಟನೆಯ ನಿಲ್ದಾಣ ಈಗ ಹೂಟಗಳ್ಳಿಯಲ್ಲಿತ್ತು. ಅದು ವನಮಾಲಾಗೆ ಗೊತ್ತಿತ್ತು. ಆ ಪದ್ಧತಿಯ ನಿಯಮಾವಳಿ ಬರೆದವಳೇ ಅವಳು. ಬೆಳಗ್ಗೆ ಹತ್ತಕ್ಕೇ ಬಂದು ಅದರ ಗಡಿಯಾರದ ಕೆಳಗಿನ ಬೆಂಚಿನಲ್ಲಿ ಕೂತಿದ್ದಳು. ಕೈಯಲ್ಲಿ ಹಳೆಯ ಸಹೋದ್ಯೋಗಿ ಚೆಲುವರಾಜು ಬರೆದ ಕಾಗದವಿತ್ತು: “ನಾವಿಬ್ಬರೂ ಸೇರಿ ಮೊದಲು ಕಟ್ಟಿದ ನಿಲ್ದಾಣದಲ್ಲಿ, ಗಡಿಯಾರದ ಕೆಳಗೆ ಸಿಗೋಣ.”

ಇಬ್ಬರೂ ಮಾತು ಬಿಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ‘ಜಾಗವು ನಿಲ್ದಾಣದ ಭಾಗವಲ್ಲ’ ಎಂದು ನಿಯಮಾವಳಿಯಲ್ಲಿ ಅವಳು ಬರೆದ ಒಂದು ಸಾಲಿಗೆ ಜಗಳವಾಡಿ ಅವನು ಕೆಲಸ ಬಿಟ್ಟಿದ್ದ. ‘ಆವತ್ತು ನೀವು ಹೇಳಿದ್ದೇ ಸರಿ’ ಎಂಬ ಮಾತನ್ನು ಅವಳು ಬೆಳಗ್ಗಿನಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು.

ನಾಲ್ಕು ಗಂಟೆಗೆ ಬಿಗುಮಾನ ಬಿಟ್ಟು ಫೋನ್ ಮಾಡಿದಳು. ಅವನ ಮಗಳು ಎತ್ತಿದಳು.

“ಅಪ್ಪ ಈಗಷ್ಟೇ ಬಂದ್ರು ಆಂಟಿ. ಒಂಟಿಕೊಪ್ಪಲಲ್ಲಿ ಕಾದು ಕಾದು ಸುಸ್ತಾಗ್ಬಿಟ್ಟಿದ್ದಾರೆ. ಇನ್ಮೇಲೆ ನಿಮ್ಮ ಹೆಸರೆತ್ತಬೇಡ ಅಂದ್ಬಿಟ್ರು.”

“ನಾನೂ ಬೆಳಗ್ಗೆಯಿಂದ ಕಾಯ್ತಾ ಇದೀನಿ ಕಣಮ್ಮಾ!”

“ಎಲ್ಲಿ?”

ವನಮಾಲಾ ತಲೆಯೆತ್ತಿದಳು. ಜಾಗದ ಹೆಸರು ಬರೆಯಕೂಡದೆಂದು ತಾನೇ ಮಾಡಿದ ನಿಯಮದಂತೆ, ಫಲಕದಲ್ಲಿ ಸಂಖ್ಯೆ ಮಾತ್ರ ಇತ್ತು. ಯಾವ ಸಾಲಿಗೆ ಕ್ಷಮೆ ಕೇಳಬೇಕೆಂದು ಹೊರಟಿದ್ದಳೋ, ಅದೇ ಸಾಲನ್ನು ನಂಬಿ ಅವಳು ಇಲ್ಲಿಗೆ ಬಂದಿದ್ದಳು.