ಎಡಗಡೆಯ ಮುಂಚಕ್ರ

ಕೃಷ್ಣ ಮೊಪೆಡ್ಡಿನ ಕಿವಿಯನ್ನು ಕಿತ್ತು ಬರುವಷ್ಟು ಹಿಂಡಿ ಓಡಿಸುತ್ತಿದ್ದ. ಮುಂದೆ ಎಲ್ಲೋ ನಾಗಮಂಗಲದ ದಾರಿಯಲ್ಲಿ ಮರಿಸ್ವಾಮಿಯ ಹಳೇ ಮಿಲಿಟರಿ ಟ್ರಕ್ಕು ಹೋಗುತ್ತಿತ್ತು. ಅದರಲ್ಲಿ ಕೃಷ್ಣನ ಮಗಳು ಸ್ನೇಹ ಇದ್ದಳು. ಆ ಟ್ರಕ್ಕಿನ ಎಡಗಡೆಯ ಮುಂಚಕ್ರದ ನಟ್ಟುಗಳನ್ನು ನಿನ್ನೆ ಸಂಜೆ ಸಡಿಲ ಮಾಡಲೆಂದು ತಿರುಗಿಸಿದ್ದವನು ಅವನೇ.

ಯಾರನ್ನೂ ಕೊಲ್ಲುವ ಉದ್ದೇಶವಿರಲಿಲ್ಲ. ಹೊಟ್ಟೆ ಉರಿದಿತ್ತು, ಅಷ್ಟೇ.

ಮಿಲಿಟರಿ ಹರಾಜಿನಲ್ಲಿ ಕೊಂಡ ಆ ಗುಜರಿಯನ್ನು ನೆರೆಮನೆಯ ಮರಿಸ್ವಾಮಿ ಊರಿಗೆ ಎಳೆದು ತಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಸೊಸೈಟಿ ಗುಮಾಸ್ತ ಕೃಷ್ಣ. ಕೋಳಿಗೂಡು ಎಂದು ಅದಕ್ಕೆ ಹೆಸರನ್ನೂ ಇಟ್ಟಿದ್ದ. ಮರಿಸ್ವಾಮಿ ಹೊಲದ ಕೆಲಸ ಮುಗಿದ ಮೇಲೆ ಅದರಡಿ ಮಲಗುತ್ತಿದ್ದ, ತುಕ್ಕು ಕೆರೆಯುತ್ತಿದ್ದ, ಒಂದು ಸಣ್ಣ ಸಾಮಾನಿಗಾಗಿ ಮೈಸೂರಿನ ಗುಜರಿ ಅಂಗಡಿಗಳನ್ನೆಲ್ಲ ಅಲೆಯುತ್ತಿದ್ದ. ಹೀಗೇ ವರ್ಷಗಳು ಕಳೆದವು. ಹೋದ ವಾರ ಕೋಳಿಗೂಡು ಗುಡುಗಿತು. ಬೀದಿಯ ಜನವೆಲ್ಲ ಓಡಿ ಬಂದರು.

"ನಿಂದು ಬರೀ ಪೆನ್ನಿಡಿಯೋ ಕೈ ಕಣ್ಲಾ ಕಿಟ್ಟ," ಎಂದ ಮರಿಸ್ವಾಮಿ, ಎಲ್ಲರ ಮುಂದೆ. "ಸೈಕಲ್ ಚೈನ್ ಬಿದ್ರೂ ಎಂಡ್ತೀನ ಕೂಗ್ತೀಯ."

ಜನ ಬಿದ್ದು ಬಿದ್ದು ನಕ್ಕರು. ಹೆಂಡತಿ ಪ್ರಮೀಳಾ ಕೂಡ ನಕ್ಕಳು. ಅದು ಅವನಿಗೆ ಚುಚ್ಚಿತು.

ಸ್ವಾತಂತ್ರ್ಯ ಬಂದು ಐವತ್ತು ವರ್ಷ ತುಂಬಿದ ಮೆರವಣಿಗೆಗೆ ಟ್ರಕ್ಕು ನಾಗಮಂಗಲಕ್ಕೆ ಹೋಗುವುದೆಂದಾಯಿತು. ಊರು ದಾಟುವುದರೊಳಗೆ ಚಕ್ರ ಕಳಚಿ ಅದು ಬೀದಿಯಲ್ಲೇ ಕೂತುಬಿಟ್ಟರೆ ಸಾಕು, ತಾನು ಜಗಲಿಯ ಮೇಲೆ ನಿಂತು ನಗಬಹುದು ಎಂದುಕೊಂಡ ಕೃಷ್ಣ. ಮರಿಸ್ವಾಮಿ ಡೈರಿಗೆ ಹಾಲು ಹಾಕಲು ಹೋದ ಹೊತ್ತು ನೋಡಿ ಹಿತ್ತಲಿಗೆ ನುಗ್ಗಿದ. ಟ್ರಕ್ಕಿನ ಬಲಭಾಗ ಮನೆಯ ಕಡೆಗಿತ್ತು, ಎಡಭಾಗ ಬೇಲಿಯ ಮರೆಗಿತ್ತು. ಜನ್ಮದಲ್ಲಿ ಒಂದು ಚಕ್ರ ಬಿಚ್ಚಿದವನಲ್ಲ. ಆದರೂ ಬಾಟಲಿ ಮುಚ್ಚಳ ತೆಗೆಯಲು ಬಾರದವರು ಯಾರಿದ್ದಾರೆ? ಸ್ಪ್ಯಾನರು ಸಿಕ್ಕಿಸಿ ಎಡಕ್ಕೆ ತಿರುಗಿಸಿದ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಹಿಡಿಯ ಮೇಲೆ ಹತ್ತಿ ನಿಂತ. ನಟ್ಟು ನರಳಿ ಒಂದಿಷ್ಟು ತಿರುಗಿತು. ಎಲ್ಲ ನಟ್ಟಿಗೂ ಅಷ್ಟೇ ಮಾಡಿ, ಉಳಿದದ್ದನ್ನು ದಾರಿ ನೋಡಿಕೊಳ್ಳಲಿ ಎಂದು ಬಂದು, ಹೊಟ್ಟೆ ತುಂಬ ಉಂಡು ಮಲಗಿದ್ದ.

ಬೆಳಿಗ್ಗೆ ಸೊಸೈಟಿಯ ಬಾವುಟ ಹಾರಿಸಿ ಮನೆಗೆ ಬಂದರೆ ಪ್ರಮೀಳಾ ಸಂಭ್ರಮದಲ್ಲಿದ್ದಳು.

"ಭಾರತಮಾತೆ ಆಗ್ಬೇಕಿದ್ದ ಉಡ್ಗೀಗೆ ಜ್ವರವಂತೆ. ಮೇಷ್ಟ್ರು ನಮ್ ಸ್ನೇಹನ್ನೇ ಮರಿಸ್ವಾಮಣ್ಣನ ಗಾಡೀಲಿ ಕೂರ್ಸಿ ಕಳಿಸವ್ರೆ. ಎಷ್ಟ್ ಚೆಂದಾಗಿ ಕಾಣ್ತಿದ್ಲು ಗೊತ್ತಾ?"

ಅವಳ ಮಾತು ಮುಗಿಯುವ ಮೊದಲೇ ಅವನು ಮೊಪೆಡ್ ಹತ್ತಿದ್ದ.

ದಾರಿಯುದ್ದಕ್ಕೂ ಒಂದೊಂದು ಹಳ್ಳವನ್ನೂ ಇಣುಕಿ ನೋಡಿದ. ದೇವರೇ, ನನ್ನ ಕೈ ಸೇದಿಹೋಗಲಿ, ಅವಳಿಗೇನೂ ಆಗದಿರಲಿ ಎಂದು ಬಾಯಿಬಿಟ್ಟೇ ಬೇಡಿಕೊಂಡ. ದಿಬ್ಬದ ನೆತ್ತಿಯಲ್ಲಿ ಟ್ರಕ್ಕು ಕಂಡಿತು. ನಿಂತಿತ್ತು. ಬಾನೆಟ್ಟು ತೆರೆದಿತ್ತು, ಹಬೆ ಏಳುತ್ತಿತ್ತು. ರೇಡಿಯೇಟರಿಗೆ ನೀರು ತರಲು ಮರಿಸ್ವಾಮಿ ಕ್ಯಾನು ಹಿಡಿದು ತೆಂಗಿನ ತೋಟದ ಪಂಪ್‌ಸೆಟ್ಟಿನ ಕಡೆಗೆ ಹೋಗುತ್ತಿದ್ದ. ಹಿಂದೆ ಕಿರೀಟ ತೊಟ್ಟು, ಬಾವುಟ ಹಿಡಿದು ಸ್ನೇಹ ಕೂತಿದ್ದಳು. ಅವಳನ್ನು ಕಂಡು ಕೃಷ್ಣನಿಗೆ ಅಳು ಬಂತು.

"ಇಳಿ ಮಗ. ನಾನೇ ಕರ್ಕೊಂಡೋಯ್ತೀನಿ."

"ಕಿರೀಟ ಆಕ್ಕೊಂಡು ಮೊಪೆಡ್ಡಲ್ಲಾ? ಎಲ್ಲಾ ನಗ್ತಾರೆ. ನಾ ಬರಕಿಲ್ಲ ಬುಡಪ್ಪ."

ಮರಿಸ್ವಾಮಿಗೆ ನಿಜ ಹೇಳಿದರೆ ಎಲ್ಲ ಮುಗಿಯುತ್ತಿತ್ತು. ಆದರೆ ಮಗಳ ಮುಂದೆ ನಾಲಿಗೆ ಏಳಲಿಲ್ಲ. ಫುಟ್‌ಬೋರ್ಡಿನ ಕೆಳಗಿದ್ದ ಸ್ಪ್ಯಾನರು ಎಳೆದುಕೊಂಡು ಚಕ್ರದ ಮುಂದೆ ಮಂಡಿಯೂರಿದ. ಇಷ್ಟು ದೂರ ಓಡಿದ್ದರೂ ನಟ್ಟುಗಳು ಕೈಗೆ ಅಲುಗುತ್ತಿರಲಿಲ್ಲ. ದೇವರು ದೊಡ್ಡವನು ಎಂದುಕೊಂಡ. ಬಲಕ್ಕೆ ತಿರುಗಿಸಿದ. ಮೈಭಾರವನ್ನೆಲ್ಲ ಹಾಕಿ ತುಳಿದ. ನಟ್ಟು ಕಿರುಗುಟ್ಟಿ ಅರ್ಧ ಸುತ್ತು ತಿರುಗಿತು. ಭಯದಿಂದ ಮೈಗೆ ಬಲ ಬಂದಿತ್ತೋ ಏನೋ, ಉಳಿದವೂ ತಿರುಗಿದವು. ಒಂದನ್ನೂ ಬಿಡಲಿಲ್ಲ. ಸ್ಪ್ಯಾನರನ್ನು ಇದ್ದಲ್ಲೇ ಇಟ್ಟು ಎದ್ದು ನಿಂತ.

ಮರಿಸ್ವಾಮಿ ನೀರು ತಂದ. "ಏನ್ಲಾ, ಕೋಳಿಗೂಡು ನೋಡಕ್ಕೆ ಇಲ್ಲೀಗಂಟ ಬಂದ್ಯಾ?"

"ಮಗ್ಳುನ್ನ ನೋಡಕ್ ಬಂದೆ ಕಣಣ್ಣ. ಉಸಾರಾಗಿ ಓಡ್ಸು."

ಅವನ ಮುಖ ನೋಡಿ ಮರಿಸ್ವಾಮಿ ಮೆತ್ತಗಾದ. "ನಿನ್ ಮಗ್ಳು ನಂಗೂ ಮಗ್ಳಲ್ವೇನ್ಲಾ. ನೀ ನಡಿ ಮನೀಗೆ."

ಟ್ರಕ್ಕು ಗುಡುಗುತ್ತ ಇಳಿಜಾರಿಗೆ ಹೊರಳಿತು. ಕೆಳಗೆ ಕೆರೆ ತುಂಬಿ ನಿಂತಿತ್ತು, ರಸ್ತೆ ಅದರ ಏರಿಯ ಮೇಲೇ ಹಾದುಹೋಗುತ್ತಿತ್ತು. ಸ್ನೇಹ ಬಾವುಟ ಬೀಸಿದಳು. ಕೃಷ್ಣನೂ ಕೈ ಬೀಸಿ, ಮೈಲಿಗಲ್ಲಿನ ಮೇಲೆ ಕುಸಿದು ಕೂತ. ಇನ್ನು ಜನ್ಮದಲ್ಲಿ ಯಾರ ಮೇಲೂ ಹೊಟ್ಟೆಕಿಚ್ಚು ಪಡಲಾರೆ ಎಂದುಕೊಂಡ. ಮನಸ್ಸು ಹಗುರಾಗಿತ್ತು.

ಅಷ್ಟರಲ್ಲಿ ಹಿಂದಿನಿಂದ ಸ್ಕೂಟರು ಬಂತು. ಮರಿಸ್ವಾಮಿಯ ಅಕ್ಕನ ಮಗ ದಿಲೀಪ. ಪ್ರತಿ ಭಾನುವಾರ ಮಾವನ ಜೊತೆ ಟ್ರಕ್ಕಿನಡಿ ಮಲಗಿದವನು. ದಾರಿಯಲ್ಲಿ ಕೆಟ್ಟರೆ ಇರಲಿ ಎಂದು ಸಾಮಾನಿನ ಚೀಲ ಹೊತ್ತು ಹಿಂದೆ ಹೊರಟಿದ್ದ.

"ಮುಂದ್ಲ ಎಡಗಡೆ ಚಕ್ರ ಯಾಕೋ ಸಡ್ಲ ಅನ್ಸ್ತು ಕಣ್ಲಾ," ಎಂದ ಕೃಷ್ಣ. ಪೆನ್ನು ಹಿಡಿಯುವ ಕೈಯೂ ಕೆಲಸಕ್ಕೆ ಬಂತೆಂದು ಅವನಿಗೆ ಒಳಗೊಳಗೇ ಹೆಮ್ಮೆ. "ನಾನೇ ಬಿಗಿ ಮಾಡ್ದೆ."

"ಸಡ್ಲವಾ? ಬೆಳಿಗ್ಗೆ ನಾನೇ ನೋಡಿದ್ನಲ್ಲ ಮಾವ, ಕಲ್ಲಿದ್ದಂಗಿದ್ವು." ದಿಲೀಪ ಸ್ಕೂಟರಿನಿಂದ ಇಳಿಯಲಿಲ್ಲ. "ಎಂಗ್ ತಿರುಗ್ಸಿದ್ರಿ?"

ಕೃಷ್ಣ ಗಾಳಿಯಲ್ಲಿ ಕೈಯನ್ನು ಬಲಕ್ಕೆ ತಿರುಗಿಸಿ ತೋರಿಸಿದ.

"ಸ್ಕೂಟ್ರು ಅತ್ತಿ ಮಾವ, ಬೇಗ ಅತ್ತಿ. ಆ ಗಾಡಿ ಎಡಗಡೆ ನಟ್ಟು ಉಲ್ಟಾ, ಎಡಕ್ಕೆ ತಿರುಗ್ಸಿದ್ರೆ ಬಿಗಿಯಾಯ್ತವೆ, ಬಲಕ್ಕೆ ತಿರುಗ್ಸಿದ್ರೆ ಬಿಚ್ಕೊತವೆ."